ನೂಲಿಲ್ಲದೆ ನಿಂತ ಚಪ್ಪಲಿ

ವಾಮದಪದವಿನಲ್ಲಿ ಇವತ್ತು ಬಸ್ಸಿಗೆ ಕಾಯುತ್ತಿದ್ದಾಗ ರಬ್ಬರ್ ಶೀಟ್ ತುಂಬಿದ ಜೀಪೊಂದು ಪಕ್ಕದಲ್ಲೇ ಬಂದು ನಿಂತಿತು. ಆ ಹುಳಿ ನಾತ ಮೂಗಿಗೆ ಬಡಿದದ್ದೇ ತಡ, ಅಪ್ಪನ ಬಲಗಾಲು ಕಣ್ಣೆದುರು ಬಂತು.

ಪಾರ್ಶ್ವವಾಯು ಬಡಿದ ಮೇಲೆ ಆ ಕಾಲಿನಲ್ಲಿ ಹವಾಯಿ ಚಪ್ಪಲಿ ನಿಲ್ಲುತ್ತಿರಲಿಲ್ಲ. ಅಮ್ಮ ಬೀಡಿ ಕಟ್ಟುವ ನೂಲಿನಿಂದಲೇ ಅದನ್ನು ಪಾದಕ್ಕೆ ಬಿಗಿಯುತ್ತಿದ್ದಳು. ಅಪ್ಪ ನನ್ನ ಹೆಗಲು ಹಿಡಿದು ಜಗಲಿಯಿಂದ ಬಾವಿಕಟ್ಟೆಯವರೆಗೆ ಕಾಲೆಳೆಯುತ್ತಿದ್ದರು. "ಬೆರಳು ಚಪ್ಪಲಿ ಹಿಡಿದ ದಿನ ಕಾಲು ಬಂದ ಹಾಗೆ" ಎಂದು ಮದ್ದು ಕೊಡುವ ಪಂಡಿತರು ಹೇಳಿದ್ದರು. ಅಂದಿನಿಂದ ಅಮ್ಮ ದಿನಾ ಬೆಳಿಗ್ಗೆ ಆ ಹೆಬ್ಬೆರಳನ್ನೇ ನೋಡುತ್ತಾ ಕೂರುತ್ತಿದ್ದಳು. ಆ ನೋಟವನ್ನು ನನ್ನಿಂದ ಸಹಿಸಲಾಗಲಿಲ್ಲ.

ಒಂದು ದಿನ ಪಕ್ಕದ ತೋಟದ ರಬ್ಬರ್ ಮರಕ್ಕೆ ಕಟ್ಟಿದ್ದ ತೆಂಗಿನ ಗೆರಟೆಯಿಂದ ಅಂಟು ಹಾಲು ತಂದೆ. ಅಪ್ಪ ತೂಕಡಿಸುತ್ತಿದ್ದಾಗ ಅದನ್ನು ಚಪ್ಪಲಿಗೆ ಸವರಿ ಪಾದಕ್ಕೆ ಅಂಟಿಸಿಬಿಟ್ಟೆ. ಸ್ಪರ್ಶವೇ ಇಲ್ಲದ ಕಾಲು, ಅವರಿಗೆ ತಿಳಿಯಲಿಲ್ಲ.

"ನೂಲಿಲ್ಲದೆ ನಿಂತಿತಲ್ಲ ಮಾರಾಯ್ರೆ!" ಅಪ್ಪ ಎದ್ದು ಕಾಲೆಳೆಯುವುದನ್ನು ನೋಡಿ ಅಮ್ಮ ಅತ್ತೇಬಿಟ್ಟಳು.

"ಬರುವ ವಾರ ಬಂಟ್ವಾಳ ಪೇಟೆಗೆ ಹೋಗುವ" ಎಂದು ಅಪ್ಪ ತೊದಲಿದರು.

ಅಮ್ಮ ಆ ಸಂತೋಷದಲ್ಲೇ ಕಟ್ಟಿದ ಬೀಡಿ ಕೊಟ್ಟು ಬರಲು ಹೊರಟಳು. ಊರಿಗೆಲ್ಲ ಹೇಳುತ್ತಾಳೆ ಎಂದು ಹೆದರಿ ನಾನು ಚಪ್ಪಲಿ ಎಳೆದೆ. ಒಣಗಿದ ಹಾಲು ಅಪ್ಪನ ಅಂಗಾಲಿನಿಂದ ಎಳೆ ಎಳೆಯಾಗಿ ಎದ್ದು ಬಂತು. ಅಪ್ಪ ಅದನ್ನೇ ನೋಡಿದರು. ಬೈಯಲಿಲ್ಲ.

"ಅಮ್ಮ ಬರುವ ಮೊದಲು ಪುನಃ ಅಂಟಿಸು, ಮಗಾ."

ಜೀಪು ಹೋಯಿತು. ಕೆಳಗೆ ನೋಡಿದರೆ, ನನ್ನ ಹೆಬ್ಬೆರಳು ಚಪ್ಪಲಿಯ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.