ಸೀಸಕ್ಕೆ ಹೆದರುವ ಪಾಪಮ್ಮನ ಗುಂಡುಗಳು

ಬೆಳಕು ಇನ್ನೂ ಕ್ವಾರಿಯ ತಳಕ್ಕೆ ಇಳಿದಿಲ್ಲ. ಕುಂದಾಣದಿಂದ ಆಚೆ, ಕಲ್ಲು ಒಡೆಯುವುದು ನಿಂತು ವರ್ಷಗಳೇ ಕಳೆದಿರುವ ಈ ದೊಡ್ಡ ಗುಂಡಿಯ ಮೂಲೆಯಲ್ಲಿ ಪಾಪಮ್ಮ ಊದುಬತ್ತಿ ಹಿಡಿದು ನಿಂತಿದ್ದಾರೆ. ಎದುರಿಗೆ ದೇವರ ಪಟವೇನೂ ಇಲ್ಲ. ಅವರ ಕಣ್ಣೆಲ್ಲ ಹೊಗೆಯ ಮೇಲೆ. ನೆಟ್ಟಗೆ ಮೇಲೆದ್ದ ಹೊಗೆ ಅರೆಗಳಿಗೆ ತಡೆದು, ಆಮೇಲೆ ಬೇಲಿಯ ಕಡೆಗೆ ವಾಲುತ್ತದೆ. ಪಾಪಮ್ಮ ಗ್ಯಾಸ್ ಒಲೆಯನ್ನು ಎಳೆದು ಇನ್ನೊಂದು ಮಗ್ಗುಲಿಗೆ ಇಡುತ್ತಾರೆ.

"ಗಾಳಿ ನನ್ನ ಬೆನ್ನಿಗಿರ್ಬೇಕು. ಮೊಖಕ್ಕೆ ಹೊಡೀತು ಅಂದ್ರೆ ಅವತ್ತು ಒಲೆ ಹಚ್ಚಾಕಿಲ್ಲ. ಯಾರೇನಾದ್ರೂ ಅಂದ್ಕಳ್ಳಿ," ಎನ್ನುತ್ತಾ ಬೆಂಕಿ ಹೊತ್ತಿಸುತ್ತಾರೆ.

ಒಲೆಯ ಮೇಲಿನ ಎರಕದ ಬಾಣಲೆಯಲ್ಲಿ ಸೀಸದ ಚೂರುಗಳಿವೆ. ಬಹಳ ಹೊತ್ತು ಅವು ಇದ್ದಲ್ಲೇ ಇರುತ್ತವೆ. ಬೆಂಕಿಯ ಪರಿವೆಯೇ ಇಲ್ಲದ ಹಾಗೆ. ನೋಡನೋಡುತ್ತಿದ್ದಂತೆ ಒಂದರ ಅಂಚು ಕುಸಿಯುತ್ತದೆ, ಪಕ್ಕದ್ದು ಅದರೊಳಗೆ ಜಾರುತ್ತದೆ, ಇನ್ನೊಂದು ಗಳಿಗೆಗೆ ಇಡೀ ಬಾಣಲೆ ಕನ್ನಡಿ. ಪಾಪಮ್ಮ ಕೊಳೆ ಮೇಲೇಳಲೆಂದು ಒಂದು ಚೂರು ಮೇಣ ಹಾಕಿ ಉದ್ದ ಹಿಡಿಯ ಸೌಟಿನಿಂದ ಕಲಕುತ್ತಾರೆ. ಭಗ್ಗನೆ ಎದ್ದ ಜ್ವಾಲೆ ಅಡಗಿದ ಮೇಲೆ ತೇಲುವ ಬೂದು ಕಲ್ಮಶವನ್ನು ಬಳಿದು, ಮುಚ್ಚಳವಿರುವ ಡಬ್ಬಿಗೆ ಹಾಕಿ, ಮುಚ್ಚಳವನ್ನು ಒತ್ತಿ ಬಿಗಿಮಾಡುತ್ತಾರೆ. ಅವರ ಪ್ರಕಾರ ಕರಗಿದ ಸೀಸಕ್ಕಿಂತ ಕೆಟ್ಟದ್ದು ಆ ಡಬ್ಬಿಯ ಪುಡಿ.

ಇಕ್ಕಳದಂಥ ಕಬ್ಬಿಣದ ಅಚ್ಚಿಗೆ ಸೀಸ ಹೊಯ್ಯುತ್ತಾರೆ. ಮೇಲೆ ಹೆಚ್ಚಾಗಿ ನಿಂತದ್ದನ್ನು ಕತ್ತರಿಸಿ, ಅಚ್ಚು ಬಿಡಿಸಿ, ಒಳಗಿನ ಬಂದೂಕಿನ ಗುಂಡನ್ನು ಮಡಿಸಿದ ದಪ್ಪ ಬಟ್ಟೆಯ ಮೇಲೆ ಬೀಳಿಸುತ್ತಾರೆ. ಹೆಬ್ಬೆರಳಿನ ತುದಿಯಷ್ಟು ದಪ್ಪ, ಮುಂದೆ ಮೊನೆ, ಹಿಂದೆ ಟೊಳ್ಳು, ಸೊಂಟದ ಸುತ್ತ ಸಣ್ಣ ಗೀರುಗಳು. ಮೊದಲು ಬಿದ್ದ ನಾಲ್ಕೈದು ಗುಂಡುಗಳನ್ನು ಅವರು ನೋಡುವುದೂ ಇಲ್ಲ, ಹಾಗೇ ಬಾಣಲೆಗೆ ಹಿಂತಿರುಗಿಸುತ್ತಾರೆ.

"ಅಚ್ಚು ತಣ್ಣಗಿದ್ರೆ ಗುಂಡಿನ ಮೈ ಮುದುಕಿ ಕೆನ್ನೆ ಥರ ಸುಕ್ಕು. ಜಾಸ್ತಿ ಕಾದ್ರೆ ಬೂದಿ ಮೆತ್ಕೊಂಡಂಗೆ ಮಂಕು. ಹದ ಸಿಕ್ಕಿದ್ರೆ ನೋಡಿ, ಹಿಂಗೆ ಮಿನುಗ್ತದೆ."

ನೆತ್ತಿಯ ಮೇಲೆ ವಿಮಾನವೊಂದು ತಗ್ಗಿನಲ್ಲಿ ಹಾದುಹೋಗುತ್ತದೆ. ಪಾಪಮ್ಮ ತಲೆ ಎತ್ತುವುದಿಲ್ಲ. ಹಣೆಗೆ ಟವೆಲ್ ಬಿಗಿದಿದ್ದಾರೆ. ಒಂದು ಹನಿ ಬೆವರು ಬಾಣಲೆಗೆ ಬಿದ್ದರೂ ಸೀಸ ಸಿಡಿಯುತ್ತದೆ. ಅವರ ಎಡ ಮುಂಗೈ ಮೇಲಿನ ಕಲೆ, ಮಳೆಯಲ್ಲಿ ನೆನೆದಿದ್ದ ಒಂದು ಚೂರನ್ನು ಗಮನಿಸದೆ ಹಾಕಿದ ದಿನದ್ದು.

ಈ ಕ್ವಾರಿ ಈಗ ಒಂದು ಖಾಸಗಿ ರೈಫಲ್ ಕ್ಲಬ್ಬಿನ ಗುರಿ ಅಭ್ಯಾಸದ ಜಾಗ. ಇಲ್ಲಿನ ಕೆಲವು ಸದಸ್ಯರಿಗೆ ಹಳೆಯ ಕಾಲದ ರೈಫಲ್ ಮೇಲೆ ಪ್ರೀತಿ. ನಳಿಗೆಯ ಬಾಯಿಂದ ಮದ್ದು ಸುರಿದು, ಅದರ ಮೇಲೆ ಗುಂಡು ಇಟ್ಟು, ಸಲಾಕೆಯಿಂದ ನೂಕಿ ಕೂರಿಸಿ ಹೊಡೆಯುವ ಬಂದೂಕು ಅದು. ಒಂದು ಸಲ ಹೊಡೆದು ಮತ್ತೆ ತುಂಬುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು. ಮದ್ದು ಕ್ಲಬ್ಬಿನ ಬೀಗದಲ್ಲಿರುತ್ತದೆ, ಬಂದೂಕು ಪರವಾನಗಿ ಇರುವವರ ಕೈಯಲ್ಲಿ. ಪಾಪಮ್ಮನದು ಗುಂಡು ಮಾತ್ರ.

ಒಂದು ಬೆಳಗ್ಗೆ ಇನ್ನೂರರಷ್ಟು ಎರಕ ಹೊಯ್ದರೆ ಮೂವತ್ತೋ ನಲವತ್ತೋ ಮತ್ತೆ ಬಾಣಲೆ ಸೇರುತ್ತವೆ. ಉಳಿದವನ್ನು ಅಳತೆಗೆ ತರಬೇಕು. ಮೇಜಿಗೆ ಬಿಗಿದ ಕೈಪ್ರೆಸ್ಸಿನಲ್ಲಿ ಉಕ್ಕಿನ ಬಿಲ್ಲೆಯಿದೆ. ಬಿಲ್ಲೆಯ ತೂತಿನ ಮೂಲಕ ಒಂದೊಂದೇ ಗುಂಡನ್ನು ಒತ್ತಿ ಹಾಯಿಸುತ್ತಾರೆ. ದಪ್ಪವಾಗಿದ್ದರೆ ನಳಿಗೆಗೆ ಇಳಿಯದು, ಸಣ್ಣದಾದರೆ ಒಳಗೆ ಅಲುಗಾಡಿ ಗುರಿ ತಪ್ಪುತ್ತದೆ.

"ಬಳೆ ತೊಡ್ಸೋದು ನೋಡಿದೀರಲ್ಲ, ಹಂಗೇ. ಬಿಗಿಯಾಗೇ ಹೋಗ್ಬೇಕು, ಕೈ ನೋವಾಗ್ಬಾರ್ದು," ಎಂದು ನಗುತ್ತಾರೆ.

ಕೊನೆಗೆ ಮೇಣ. ಜೇನುಮೇಣಕ್ಕೆ ಹರಳೆಣ್ಣೆ ಬೆರೆಸಿ ಕರಗಿಸಿ, ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿದ ಗುಂಡುಗಳ ಸುತ್ತ ಗೀರು ಮುಳುಗುವಷ್ಟು ಹೊಯ್ಯುತ್ತಾರೆ. ಹೆಪ್ಪುಗಟ್ಟಿದ ಮೇಲೆ ಒಂದೊಂದನ್ನೂ ಬಿಡಿಸಿ ತೆಗೆದರೆ ಗೀರುಗಳ ತುಂಬ ಹಳದಿ ಮೇಣ. ಬಂದೂಕಿನೊಳಗೆ ಮದ್ದಿನ ಮಸಿ ಗಟ್ಟಿಯಾಗಿ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವುದು ಈ ಮೇಣವೇ. ಬೇಸಿಗೆಯಲ್ಲಿ ಎಣ್ಣೆ ಕಡಿಮೆ, ಚಳಿಯಲ್ಲಿ ಒಂದಿಷ್ಟು ಜಾಸ್ತಿ. ಮೇಣ ಬರುವುದು ತೂಬಗೆರೆಯಲ್ಲಿ ಜೇನು ಸಾಕುವ ಒಬ್ಬರಿಂದ.

ಇಷ್ಟು ಅಚ್ಚುಕಟ್ಟಾಗಿ ಸೀಸದ ಜೊತೆ ಏಗುವ ಈ ಹೆಂಗಸಿಗೆ ಸೀಸವನ್ನು ಕಂಡರೆ ಆಗುವುದಿಲ್ಲ ಎಂದರೆ ನಂಬುವುದು ಕಷ್ಟ. ಅದಕ್ಕೆ ಕಾರಣ ಗೊತ್ತಾಗಬೇಕಾದರೆ ಅವರ ಮಗಳು ಪ್ರಮೋದಾ ಮೂರು ವರ್ಷದ ಕೂಸಾಗಿದ್ದ ಕಾಲಕ್ಕೆ ಹೋಗಬೇಕು.

ಪಾಪಮ್ಮನ ಗಂಡ ಬೈಲಪ್ಪ ಆಗ ಹೊಸಕೋಟೆ ಕಡೆ ಒಂದು ಶೆಡ್ಡಿನಲ್ಲಿ ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸದಲ್ಲಿದ್ದರು. ಬೋರ್ಡೂ ಇಲ್ಲದ ಶೆಡ್ಡು ಅದು. ಸಂಜೆ ಬರುವಾಗ ಬಟ್ಟೆ, ಕೂದಲು, ಕಿವಿಯ ಸಂದು ಎಲ್ಲ ಬೂದು ಧೂಳು. ಬಾಗಿಲಲ್ಲಿ ಅಪ್ಪನ ಸದ್ದು ಕೇಳಿದರೆ ಸಾಕು, ಪ್ರಮೋದಾ ಓಡಿಬಂದು ಕಾಲು ತಬ್ಬಿಕೊಳ್ಳುತ್ತಿದ್ದಳು. ಬೈಲಪ್ಪ ಅವಳನ್ನು ಹೆಗಲಿಗೇರಿಸಿಕೊಂಡು ಅಂಗಡಿಗೆ ಹೋಗುತ್ತಿದ್ದರು.

ಕೂಸು ಊಟ ಬಿಟ್ಟಿತು. ಹೊಟ್ಟೆ ಹಿಡಿದುಕೊಂಡು ಅಳುತ್ತಿತ್ತು. ಹುಳದ ಔಷಧಿ ಕೊಟ್ಟರು, ದೃಷ್ಟಿ ತೆಗೆದರು. ಚಟಪಟ ಮಾತಾಡುತ್ತಿದ್ದವಳು ಕಲಿತ ಮಾತುಗಳನ್ನೇ ಮರೆಯತೊಡಗಿದಾಗ ಪಾಪಮ್ಮ ಅವಳನ್ನು ಎತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತಿದರು. ಅಲ್ಲಿನ ಮಕ್ಕಳ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಯಾರೂ ಅದುವರೆಗೆ ಕೇಳದ ಒಂದು ಪ್ರಶ್ನೆ ಕೇಳಿದರು.

"ಇವಳ ಅಪ್ಪ ಏನು ಕೆಲಸ ಮಾಡ್ತಾರಮ್ಮ?"

ರಕ್ತದಲ್ಲಿ ಸೀಸ ಸಿಕ್ಕಿತು. ಬೈಲಪ್ಪನ ರಕ್ತದಲ್ಲಿ ಇನ್ನೂ ಹೆಚ್ಚು. ಶೆಡ್ಡಿನ ಕೆಲಸ ಅವತ್ತೇ ಬಿಟ್ಟರು. ಪಾಪಮ್ಮ ಮನೆಯ ಹಾಸಿಗೆ, ಚಾಪೆ, ಗಂಡನ ಬಟ್ಟೆ ಎಲ್ಲವನ್ನೂ ಹೊರಗೆ ಹಾಕಿ ನೆಲವನ್ನು ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಮಗಳು ಚೇತರಿಸಿಕೊಂಡಳು. ಆದರೂ ಶಾಲೆಯಲ್ಲಿ ಲೆಕ್ಕ ಕೊನೆಯವರೆಗೂ ತಲೆಗೆ ಹತ್ತಲಿಲ್ಲ. ಅದು ಸೀಸದಿಂದಲೋ ಅಲ್ಲವೋ, ಯಾರೂ ಹೇಳಲಾರರು. ಬೈಲಪ್ಪ ಈಗ ಒಂದು ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾರೆ. ಮುದ್ದೆ ತಿರುವುವಷ್ಟು ಬಲ ಅವರ ಮಣಿಕಟ್ಟಿಗೆ ಮರಳಲೇ ಇಲ್ಲ.

"ನಾನೇ ಹೆಗಲ ಮೇಲೆ ಹೊತ್ಕೊಂಡು ತಿರುಗ್ದೆ ಕಣಪ್ಪಾ," ಎಂದು ಒಂದೇ ಮಾತು ಹೇಳಿ ಅವರು ಎದ್ದು ತೋಟದೊಳಗೆ ಹೋಗಿಬಿಡುತ್ತಾರೆ.

ಮಗಳು ಹೈಸ್ಕೂಲು ಸೇರಿದ ಮೇಲೆ ಪಾಪಮ್ಮ ಕ್ಲಬ್ಬಿಗೆ ಕಸ ಗುಡಿಸುವ ಕೆಲಸಕ್ಕೆ ಬಂದರು. ಗುಂಡು ಎರಕ ಹೊಯ್ಯುತ್ತಿದ್ದವರು ಆಗ ಆದಿನಾರಾಯಣಪ್ಪ. ಬಂದೂಕು ರಿಪೇರಿಯಲ್ಲಿ ಕೈ ಪಳಗಿದ ಹಿರಿಯರು. ಒಂದು ದಿನ ಅವರ ಕೋಣೆ ಗುಡಿಸಲು ಬಾಗಿಲು ತೆಗೆದ ಪಾಪಮ್ಮ ಅಲ್ಲೇ ನಿಂತುಬಿಟ್ಟರು. ಕಿಟಕಿ ಮುಚ್ಚಿದೆ, ಬಾಣಲೆ ಕಾಯುತ್ತಿದೆ, ಪಕ್ಕದಲ್ಲೇ ಕಾಗದದ ಮೇಲೆ ವಡೆ. ಸೀಸ ಮುಟ್ಟಿದ ಕೈಯಲ್ಲೇ ಅವರು ವಡೆ ಮುರಿದು ಬಾಯಿಗಿಡುತ್ತಿದ್ದಾರೆ.

"ಅಣ್ಣಾ, ಬಿಸಾಕಿ ಅದನ್ನ!"

"ಯಾಕಮ್ಮ? ಬಿಸಿ ಐತೆ, ನೀನೂ ಒಂದು ತಗೋ."

"ವಿಷ ತಿಂತಿದೀರ ಅಣ್ಣಾ. ನನ್ನ ಮಗೂಗೆ ಆಗಿದ್ದೂ ಇದೇ."

ಆದಿನಾರಾಯಣಪ್ಪ ನಕ್ಕರು. ಆದರೆ ಅವರ ಬೆರಳು ನಡುಗುತ್ತಿದ್ದುದನ್ನು, ಹೊಟ್ಟೆನೋವಿನ ಮಾತ್ರೆಯ ಚೀಟಿ ಮೇಜಿನ ಮೇಲಿದ್ದುದನ್ನು ಪಾಪಮ್ಮ ನೋಡಿದ್ದರು. ಬಿಡದೆ ಕಾಡಿ ರಕ್ತ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ವಾರವೇ ಡಾಕ್ಟರು ಅವರನ್ನು ಆ ಕೆಲಸದಿಂದ ಬಿಡಿಸಿದರು.

ಗುಂಡು ಹೊಯ್ಯುವ ಕೆಲಸ ಮಾಡುತ್ತೀರಾ ಎಂದು ಕ್ಲಬ್ಬಿನವರು ಪಾಪಮ್ಮನನ್ನೇ ಕೇಳಿದರು. ಅವರು ಆಗುವುದಿಲ್ಲ ಎಂದರು. ಹೊಸಬರೊಬ್ಬರನ್ನು ಕರೆತಂದು, ಬಾಣಲೆಯನ್ನು ಕಾವಲುಗಾರ ಕೆಂಪರಾಜು ಅವರ ಮನೆಯ ಪಕ್ಕದ ಜಗಲಿಗೆ ಸಾಗಿಸುವ ಮಾತು ಬಂತು. ಆ ಜಗಲಿಯ ಮೇಲೆ ಕೆಂಪರಾಜು ಅವರ ಮಗು ಆಗಷ್ಟೇ ಅಂಬೆಗಾಲಿಡುತ್ತಿತ್ತು.

"ಆ ಕೂಸು ನೆಲ ತಟ್ಟಿ ಕೈ ಬಾಯಿಗಿಟ್ಕೊಂತಿತ್ತು. ಬರೋನಿಗೆ ಭಯ ಇರಾಕಿಲ್ಲ, ನಂಗೈತೆ. ಸರಿ, ನಾನೇ ಮಾಡ್ತೀನಿ ಅಂದ್ಬಿಟ್ಟೆ."

ಒಪ್ಪಿದ್ದು ತಮ್ಮ ಷರತ್ತಿನ ಮೇಲೆ. ಬಾಣಲೆ ಎಲ್ಲರಿಂದ ದೂರ, ಕ್ವಾರಿಯ ತೆರೆದ ಮೂಲೆಗೆ ಹೋಗಬೇಕು. ಕೆಲಸದ ಬಟ್ಟೆ, ಚಪ್ಪಲಿ ಅಲ್ಲೇ ಉಳಿಯಬೇಕು. ಸ್ನಾನಕ್ಕೆ ಒಂದು ಬಚ್ಚಲು ಬೇಕು. ಅನ್ನ ನೀರು ಆ ಕಡೆ ಸುಳಿಯಬಾರದು. ಸುತ್ತ ಹಗ್ಗ ಕಟ್ಟಬೇಕು, ಅದರೊಳಗೆ ಮಕ್ಕಳು ಬರಲೇಬಾರದು.

ಕ್ಲಬ್ಬು ಒಪ್ಪಿತು, ಆದಿನಾರಾಯಣಪ್ಪ ದೂರ ನಿಂತು ಎರಕದ ಹದ ಹೇಳಿಕೊಟ್ಟರು. ಮಗಳು ಮಾತ್ರ ಒಪ್ಪಲಿಲ್ಲ. "ಅಪ್ಪ ತಂದಿದ್ದು ಸಾಲ್ದು ಅಂತ ನೀನೂ ತರ್ತೀಯಾ?" ಎಂದು ಕೂಗಾಡಿದ ಪ್ರಮೋದಾ ಎಷ್ಟೋ ದಿನ ಅಮ್ಮನ ಜೊತೆ ಮಾತು ಬಿಟ್ಟಳು. ಒಂದು ಬೆಳಗ್ಗೆ ಹೇಳದೆ ಕೇಳದೆ ಕ್ವಾರಿಗೆ ಬಂದು, ಹಗ್ಗದ ಹೊರಗೆ ನಿಂತು ಅಮ್ಮನ ಕೆಲಸವನ್ನು ಮೊದಲಿಂದ ಕೊನೆವರೆಗೆ ನೋಡಿದಳು. ಪಾಪಮ್ಮ ಸ್ನಾನ ಮುಗಿಸಿ ಬಂದಾಗ ಅವರ ಉಗುರುಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಎಂಬ ಷರತ್ತು ಅವಳದು. ಇಂದಿಗೂ ತಪ್ಪಿಲ್ಲ.

ಷರತ್ತುಗಳು ಕೆಲಸಕ್ಕೇ ಸಂಚಕಾರ ತಂದ ದಿನವೂ ಉಂಟು. ಒಂದು ಭಾನುವಾರ ಹಿರಿಯ ಸದಸ್ಯರೊಬ್ಬರು ಮೊಮ್ಮಗನನ್ನು ಎತ್ತಿಕೊಂಡು ಹಗ್ಗ ದಾಟಿದರು. ಪಾಪಮ್ಮ ತಕ್ಷಣ ಒಲೆ ಆರಿಸಿದರು.

"ಯಾಕಮ್ಮ ನಿಲ್ಸಿಬಿಟ್ಟೆ? ಮಗು ನೋಡ್ಲಿ ಅಂತ ಕರ್ಕೊಂಡು ಬಂದೆ."

"ಆಚೆ ನಿಂತ್ಕಂಡು ತೋರ್ಸಿ ಸ್ವಾಮಿ. ಒಳಗ್ ಬೇಡ."

"ನಾನು ಯಾರು ಅಂತ ಗೊತ್ತಾ ನಿಂಗೆ?"

"ಗೊತ್ತು ಸ್ವಾಮಿ. ಮಗೂಗೆ ಅದು ಗೊತ್ತಾಗಾಕಿಲ್ವಲ್ಲ, ಸೀಸಕ್ಕೂ ಗೊತ್ತಾಗಾಕಿಲ್ಲ."

ದೂರು ಕಮಿಟಿಗೆ ಹೋಯಿತು. ಪಾಪಮ್ಮ ಅಚ್ಚು, ಬಾಣಲೆ ಇಡುವ ಪೆಟ್ಟಿಗೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಹಗ್ಗ ತೆಗೆಯುವುದಾದರೆ ಬೇರೆಯವರನ್ನು ನೋಡಿಕೊಳ್ಳಿ ಎಂದರು. ಹಳೆ ರೈಫಲ್ ಹಿಡಿದು ಸ್ಪರ್ಧೆಗಳಿಗೆ ಹೋಗಿಬರುವ ಸದಸ್ಯೆ ಅಕ್ಷತ ಎದ್ದು ನಿಂತು, ಹಗ್ಗ ಇರಲೇಬೇಕು ಎಂದು ಪಟ್ಟು ಹಿಡಿದರು. ಹಗ್ಗ ಉಳಿಯಿತು, ಜೊತೆಗೊಂದು ಬೋರ್ಡೂ ಬಂತು. ಆ ಹಿರಿಯರು ಇಂದಿಗೂ ಪಾಪಮ್ಮನ ಜೊತೆ ಮಾತಾಡುವುದಿಲ್ಲ. ಅವರ ಗುಂಡುಗಳಿಗೂ ಅಷ್ಟೇ ಜೋಪಾನವಾಗಿ ಮೇಣ ಹೊಯ್ಯುತ್ತಾರೆ ಪಾಪಮ್ಮ.

ಈಚೆಗೆ ಬಂದ ಪರೀಕ್ಷೆ ಮಾತ್ರ ಬೇರೆ ಥರದ್ದು. ಇಲ್ಲೇ ಹತ್ತಿರದ ವಿಜಯಪುರಕ್ಕೆ ಮದುವೆಯಾಗಿ ಹೋಗಿರುವ ಪ್ರಮೋದಾ ಈಗ ತುಂಬು ಗರ್ಭಿಣಿ. ಮೊದಲ ಬಾಣಂತನ ತವರಿನಲ್ಲೇ ಆಗಬೇಕು. ಆದರೆ ಸೀಸದ ಕೆಲಸದವರ ಮನೆಗೆ ಹೇಗೆ ಕಳಿಸುವುದು ಎಂದು ಅತ್ತೆ ಹಿಂದೇಟು ಹಾಕಿದರು. ಸಂಗತಿ ಕಿವಿಗೆ ಬಿದ್ದಾಗ ಪಾಪಮ್ಮನಿಗೆ ಸಿಟ್ಟು ಬರಲಿಲ್ಲ. "ಅವ್ರು ಕೇಳಿದ್ದು ಸರಿಯಾಗೇ ಐತೆ. ನಾನಾಗಿದ್ರೂ ಕೇಳ್ತಿದ್ದೆ." ಮಗಳಿಗೆ ಫೋನ್ ಮಾಡಿ, ಕೆಲಸ ಬಿಟ್ಟುಬಿಡುತ್ತೇನೆ ಎಂದರು.

"ಬಿಡ್ಬೇಡಮ್ಮಾ. ಮೊದ್ಲು ನಿನ್ನ ಈ ಸಲದ ರಕ್ತದ ರಿಪೋರ್ಟ್ ಬರ್ಲಿ," ಎಂದಳು ಪ್ರಮೋದಾ.

ರಿಪೋರ್ಟ್ ಬಂತು. ಸೀಸದ ಹತ್ತಿರವೂ ಸುಳಿಯದವರಿಗೆ ಎಷ್ಟಿರುತ್ತದೋ ಹೆಚ್ಚುಕಡಿಮೆ ಅಷ್ಟೇ ಇದೆ ಎಂದರು ಡಾಕ್ಟರು. ಪ್ರಮೋದಾ ಅದನ್ನು ಅತ್ತೆಗೆ ಓದಿ ಹೇಳಿದಳು. "ಎಲ್ಲರಿಗಿಂತ ಹೆಚ್ಚು ಹೆದರ್ದೋಳು ನಾನು. ನಾನೇ ಹೋಗ್ತಿದೀನಿ ಅಂದ್ಮೇಲೆ ಇನ್ನೇನತ್ತೆ?" ಎಂದೂ ಕೇಳಿದಳಂತೆ. ಅತ್ತೆ ತಾವೇ ಒಳ್ಳೆಯ ದಿನ ನೋಡಿದ್ದಾರೆ.

ಹಾಗಿದ್ದರೂ ಪಾಪಮ್ಮನಿಗೆ ನಾಳೆಯಿಂದ ರಜೆ. ಕೂಸು ಕೈಕಾಲು ಆಡಿಸುವಂತಾಗಿ, ಮಗಳು ಅದನ್ನೆತ್ತಿಕೊಂಡು ಗಂಡನ ಮನೆ ಸೇರುವ ತನಕ ಬಾಣಲೆಯ ಹತ್ತಿರ ಬರುವುದಿಲ್ಲವಂತೆ. ರಿಪೋರ್ಟ್ ಚೆನ್ನಾಗಿದೆಯಲ್ಲ ಎಂದರೆ ತಲೆಯಾಡಿಸುತ್ತಾರೆ. "ಧೈರ್ಯ ಮಾಡಾಕೆ ಅದು ನನ್ನ ಕೂಸಲ್ಲ, ಅವಳ ಕೂಸು." ಇವತ್ತು ಹೊಯ್ದದ್ದು ಬರುವ ತಿಂಗಳುಗಳಿಗೆ ಕೂಡಿಡುವ ಗುಂಡು. ಮುಗಿದರೆ ಸದಸ್ಯರು ಹೊರಗಿನಿಂದ ತರಿಸಿಕೊಳ್ಳಬೇಕು.

ಬಿಸಿಲು ಕ್ವಾರಿಯ ತಳ ಮುಟ್ಟಿದೆ. ಅಚ್ಚಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟು, ಸ್ನಾನ ಮಾಡಿ, ಬೇರೆ ಸೀರೆಯುಟ್ಟು ಪಾಪಮ್ಮ ಬಸ್ ನಿಲ್ದಾಣದ ದಾರಿ ಹಿಡಿಯುತ್ತಾರೆ. ಮನೆಯಲ್ಲಿ ಬೈಲಪ್ಪ ಸುಣ್ಣ ಬಳಿಯುತ್ತಿದ್ದಾರೆ. ಬಾಣಂತಿಗೆ ಬೇಕಾದ ಕರಿ ಕಂಬಳಿ ಬಿಸಿಲಿಗೆ ಬಿದ್ದಿದೆ. ಇನ್ನೇನು ಆಸೆ ಇದೆ ಎಂದು ಕೇಳಿದರೆ ಪಾಪಮ್ಮ ಬಸ್ಸು ಬರುವ ರಸ್ತೆಯ ಕಡೆ ಕೈ ತೋರಿಸುತ್ತಾರೆ.

"ವಿಜಯಪುರದ ಬಸ್ಸು ಬಂದು, ಅವಳು ಬ್ಯಾಗ್ ಇಳಿಸ್ಕೊಂಡು 'ಅಮ್ಮಾ' ಅಂತ ಒಳಗ್ ಬರ್ಬೇಕು, ಅಷ್ಟೇ ಸ್ವಾಮಿ. ಕೂಸು ಹೆರಾಕೆ ನನ್ನ ಮನೆಗೇ ಬರ್ತಾಳಲ್ಲ, ಅಷ್ಟು ನಂಬಿಕೆ ಸಂಪಾದ್ನೆ ಮಾಡಿದೀನಿ."