ಮಾವನ ಸುಳ್ಳು ಕೆಮ್ಮು

ನಮ್ಮ ನೆಲಮಂಗಲದ ಬೋರ್‌ವೆಲ್ ನೀರಿಗೆ ಕೆಟಲಿನ ತಳ ಬೆಳ್ಳಗೆ ಗಟ್ಟಿ ಕಟ್ಟುತ್ತದೆ. ಮೊನ್ನೆ ಅದಕ್ಕೆ ನಿಂಬೆ ಉಪ್ಪು ಹಾಕಿ ನೀರು ಕುದಿಸಿದೆ. ಹುಳಿ ಆವಿ ಮೂಗಿಗೆ ಹೊಡೆದು ಒಂದೇ ಸಮನೆ ಕೆಮ್ಮು. ಕಣ್ಣಲ್ಲಿ ನೀರು ತುಂಬಿ ಅಡುಗೆಮನೆಯೆಲ್ಲ ಮಂಜು ಮಂಜಾಯಿತು... ಆ ಮಂಜಿನಲ್ಲಿ ನಮ್ಮ ಮಾವ ಕಂಡರು.

ಮಾವ ಹಳೆಯ ಕಾಲದ ಮನುಷ್ಯ. ಸೊಸೆ ಇರುವ ಅಡುಗೆಮನೆಗೆ ಬರುವ ಮುನ್ನ ಪಡಸಾಲೆಯಲ್ಲೇ ನಿಂತು ಮೆಲ್ಲಗೆ ಕೆಮ್ಮುತ್ತಿದ್ದರು. ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ, "ಕಾಫಿ ಆಯ್ತೇನಮ್ಮಾ?" ಹೊಸದಾಗಿ ಬಂದವಳಿಗೆ ಆ ಮರ್ಯಾದೆ ಎಷ್ಟು ಹಿತವಾಗಿತ್ತು!

ಅವರಿಗೆ ಸ್ಟ್ರೋಕ್ ಆದಾಗ ಆಸ್ಪತ್ರೆಯಲ್ಲಿ ಮೂಗಿಗೆ ಊಟದ ಪೈಪು ಹಾಕಿದರು. ಬಾಯಿಗೆ ಹನಿ ಕಾಫಿಯೂ ಇಲ್ಲ. ನುಂಗುವುದನ್ನು ಪರೀಕ್ಷಿಸುವ ಥೆರಪಿಸ್ಟ್ ಹುಡುಗಿ ಬಿಡಿಸಿ ಹೇಳಿದಳು: "ಕುಡಿದಿದ್ದು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದ್ರೆ ಕೆಮ್ಮು ಬರ್ಬೇಕು. ಬರ್ಲಿಲ್ಲ ಅಂದ್ರೆ ಗೊತ್ತೇ ಆಗದೆ ನ್ಯುಮೋನಿಯಾ ಆಗ್ಬಿಡುತ್ತೆ. ಈ ನಿಂಬೆ ಉಪ್ಪಿನ ಆವಿಗೆ ತಾನಾಗೇ ಕೆಮ್ಮು ಬಂದ್ರೆ ಸ್ವಲ್ಪ ಕೊಟ್ಟು ನೋಡೋಣ."

ಮಧ್ಯಾಹ್ನದ ವಾರ್ಡು... ದೂರದಲ್ಲಿ ಹೈವೇ ಲಾರಿಗಳ ಜೋಗುಳದಂಥ ಸದ್ದು. ಮುಖಕ್ಕಿಟ್ಟ ಮಾಸ್ಕಿನೊಳಗೆ ಬಿಳಿ ಆವಿ ಸುಳಿಯಿತು. ಮಾವ ಕೆಮ್ಮಿದರು.

"ಬಂತು ಕಣೇ, ಬಂತು!" ಅತ್ತೆ ನನ್ನ ಕೈ ಹಿಡಿದುಕೊಂಡರು. ಮಾವನ ಕಣ್ಣು ನನ್ನ ಮೇಲೇ. ಸೊಟ್ಟ ಬಾಯಲ್ಲಿ "ಕಾಫಿ..." ಎಂದರು.

ನನಗೆ ಬಾಯಲ್ಲಿ ಬಿಸಿತುಪ್ಪ. ಆ ಕೆಮ್ಮು ನನಗೆ ಗೊತ್ತು. ಅದು ಪಡಸಾಲೆಯ ಕೆಮ್ಮು.

"ಇದು ತಾನಾಗಿ ಬಂದಿದ್ದಲ್ಲಮ್ಮ, ಬೇಕಂತ ಕೆಮ್ಮಿದ್ದು" ಎಂದು ಹುಡುಗಿಗೆ ಹೇಳಿಬಿಟ್ಟೆ.

ಹುಡುಗಿ ಮಾಸ್ಕ್ ಸರಿಪಡಿಸಿ, "ತಾತಾ, ಈ ಸಲ ಕೆಮ್ಮದೇ ತಡ್ಕೊಳಿ ನೋಡೋಣ" ಎಂದು ಮತ್ತೆ ಆವಿ ಬಿಟ್ಟಳು. ಮಾವ ತಡೆದುಕೊಂಡರು, ತಡೆಯಲು ಅಲ್ಲೇನೂ ಇರಲಿಲ್ಲ. ಮಲ್ಲಿಗೆ ಮೂಸುವವರ ಹಾಗೆ ಆರಾಮವಾಗಿ ಉಸಿರಾಡಿದರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದವರು ನನ್ನೊಂದಿಗೆ ಎಷ್ಟೋ ದಿನ ಮಾತಾಡಲಿಲ್ಲ. ಅತ್ತೆಯೂ ಮುಖ ಊದಿಸಿಕೊಂಡೇ ಇದ್ದರು.

ಕೆಲವು ವಾರಗಳ ಮೇಲೆ ಇನ್ನೊಂದು ಪರೀಕ್ಷೆ. ಮಾವ ತುಟಿ ಕಚ್ಚಿ ತಡೆದರೂ ಕೆಮ್ಮು ಒತ್ತರಿಸಿಕೊಂಡು ಬಂತು. ಮೂಗು, ಕಣ್ಣು ಎಲ್ಲ ನೀರು. ಏದುಸಿರಿನ ನಡುವೆಯೇ ನನ್ನತ್ತ ತಿರುಗಿ, "ಇದು...?" ಎಂದರು.

"ಇದು ನಿಜದ್ದು ಮಾವ."

ಗಂಟಲಲ್ಲಿ ದಾರಿ ತಪ್ಪದಿರಲೆಂದು ಹುಡುಗಿ ಹೇಳಿಕೊಟ್ಟ ಪುಡಿ ಬೆರೆಸಿ, ಮಂದ ಮಾಡಿದ ಕಾಫಿಯನ್ನು ನಾನೇ ಚಮಚದಲ್ಲಿ ಕೊಟ್ಟೆ. ಚಪ್ಪರಿಸಿ, "ಇದು ಕಾಫಿಯಲ್ಲಮ್ಮಾ... ಗಂಜಿ" ಎಂದು ನಕ್ಕರು.

ತೆಳು ಕಾಫಿ ಕುಡಿಯುವಷ್ಟು ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಸ್ಟ್ರೋಕ್ ಬಂತು. ಲೋಟದ ಕಾಫಿ ಕುಡಿಯದೆಯೇ ಮಾವ ಹೋದರು. ಅಂದು ಬಾಯಿ ಬಿಟ್ಟದ್ದು ತಪ್ಪೆಂದು ನನಗೆ ಯಾವತ್ತೂ ಅನಿಸಿಲ್ಲ. ಸಂಕಟ ಮಾತ್ರ ಹೋಗಿಲ್ಲ.

ಮೊನ್ನೆ ಕೆಮ್ಮು ನಿಂತ ಮೇಲೂ ಕಣ್ಣೀರು ನಿಲ್ಲಲಿಲ್ಲ. ಯಜಮಾನರು ಬಂದು "ಏನಾಯ್ತೇ?" ಎಂದರು.

"ಹುಳಿ ಹೊಗೆ ರೀ" ಎಂದೆ. ಅವರು ನಂಬಿ ಹೊರಟುಹೋದರು. ಮಾವ ಇದ್ದಿದ್ದರೆ ನಂಬುತ್ತಿರಲಿಲ್ಲ.