ಗುಡುಗಜ್ಜಿಯ ಬೂಟಿನ ದಾರ

ಡಂಡೀ ಊರಿನ ಹ್ಯೂ ಪೀಬಲ್ಸ್ ಬಸ್ ಓಡಿಸಿ ನಿವೃತ್ತನಾದವನು. ಹಳೆಯ ನಗೆಚಿತ್ರ ವಾರಪತ್ರಿಕೆಗಳು ಅವನ ಮನೆಯಲ್ಲಿ ಮಂಚದ ಕೆಳಗೂ ಇವೆ, ಸ್ನಾನದ ತೊಟ್ಟಿಯಲ್ಲೂ ಇವೆ. ಸ್ನಾನಕ್ಕೆ ತಂಗಿಯ ಮನೆಗೆ ಹೋಗುತ್ತಾನೆ. ಮಕ್ಕಳು ಓದಿ ಬಿಸಾಡಿದ ಕಾಗದಕ್ಕೆ ಇಷ್ಟು ಮರ್ಯಾದೆ ಕೊಡುವ ಮನುಷ್ಯ ಸುಲಭಕ್ಕೆ ಸಿಗುವುದಿಲ್ಲ.

ಆ ಕಾಲದ ಚಿತ್ರಕಾರರು ಸಹಿ ಹಾಕುವಂತಿರಲಿಲ್ಲ. ಚಿತ್ರದ ಹುಲ್ಲಿನ ನಡುವೆ ಯಾರಾದರೂ ಹೆಸರು ಅಡಗಿಸಿಟ್ಟರೆ ಪತ್ರಿಕೆಯ ಕಚೇರಿಯವರು ಬಿಳಿ ಬಣ್ಣ ಬಳಿಯುತ್ತಿದ್ದರು. ಹಾಗಾಗಿ ಕಿವಿ, ಮೂಗು, ಹೊಗೆ ನೋಡಿ ಇದು ಇಂಥವನ ಕೈ ಎಂದು ಹೇಳುವುದೇ ಹ್ಯೂನಂಥವರ ಕಸುಬು. ಸಂಗ್ರಹಕಾರರ ಪುಟ್ಟ ಪತ್ರಿಕೆಯಲ್ಲಿ ಅವನು ಬರೆದದ್ದೇ ತೀರ್ಪು. ‘ಗುಡುಗಜ್ಜಿ’ ಚಿತ್ರಕಥೆ ಮೊದಲಿನಿಂದ ಕೊನೆಯವರೆಗೂ ಕಾನರ್ ರೀಡ್‌ನದೇ ಎಂದು ಬರೆದಿದ್ದ. ಅದರಲ್ಲೂ ಒಂದು ಚಳಿಗಾಲದ ಪುಟಗಳನ್ನು ರೀಡ್‌ನ ಅತ್ಯುತ್ತಮ ಕೆಲಸವೆಂದು ಹಾಡಿ ಹೊಗಳಿದ್ದ.

ಚರ್ಚಿನ ಸಭಾಂಗಣದಲ್ಲಿ ಹಳೇ ಪತ್ರಿಕೆಗಳ ಮಾರಾಟ ನಡೆದ ದಿನ ಮೋರಾಗ್ ಸ್ಟರಕ್ ಎಂಬ ಹೆಂಗಸು ಅವನ ಮೇಜಿನ ಮುಂದೆ ಬಂದು ನಿಂತಳು.

"ನಮ್ಮಪ್ಪ ಅಲೆಕ್ ಆ ಕಚೇರೀಲಿ ಮಾತಿನ ಗುಳ್ಳೆಗಳಿಗೆ ಅಕ್ಷರ ಬರೀತಿದ್ರು. ರೀಡ್ ಕಾಯಿಲೆ ಬಿದ್ದಾಗ ಒಂದು ಚಳಿಗಾಲ ಪೂರ್ತಿ ಗುಡುಗಜ್ಜೀನ ನಾನೇ ಬಿಡಿಸ್ದೆ ಅಂತ ಹೇಳ್ತಿದ್ರು. ಈಗ ಅವರಿಲ್ಲ. ಅದು ನಿಜವೋ ಸುಳ್ಳೋ, ಅಷ್ಟು ಗೊತ್ತಾದ್ರೆ ಸಾಕು ನಂಗೆ."

ಹ್ಯೂ ಕೈಯಲ್ಲಿದ್ದ ಬ್ರೈಡಿ ಎಂಬ ಮಾಂಸದ ಪಫ್ ಕಚ್ಚಿ, ಮೇಜಿನ ಮೇಲೆ ಪುಡಿ ಉದುರಿಸುತ್ತ ಅಂದ, "ಆ ಕಚೇರೀಲಿ ಎಲ್ಲರೂ ಹಾಗೇ ಹೇಳ್ತಾರಮ್ಮ. ಹಾಲು ಹಾಕೋನೂ ಹೇಳ್ತಿದ್ದ."

ಅವಳು ಹೊರಟುಹೋದಳು.

ಹ್ಯೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಆದರೂ ಮನಸ್ಸು ಕೊರೆಯಿತು. ಆ ಚಳಿಗಾಲದ ಪುಟಗಳನ್ನು ತೊಟ್ಟಿಯಿಂದ ತೆಗೆದು ನೆಲದ ಮೇಲೆ ಹರಡಿದ. ಕಿವಿ ರೀಡ್‌ನದೇ, ಹೊಗೆಯೂ ರೀಡ್‌ನದೇ. ಸಮಾಧಾನವಾಯಿತು. ಆಮೇಲೆ ಬೂಟು ನೋಡಿದ.

ರೀಡ್ ಮಹಾ ಸೋಮಾರಿ. ಮೊದಲ ಚೌಕದಲ್ಲಿ ಅಜ್ಜಿಯ ಬೂಟಿಗೆ ದಾರ ಬಿಡಿಸಿದರೆ, ಕೊನೆಯ ಚೌಕಕ್ಕೆ ಬರುವಾಗ ಬರೀ ಕಪ್ಪು ಬಳಿದು ಕೈತೊಳೆದುಕೊಳ್ಳುತ್ತಿದ್ದ. ಈ ಪುಟಗಳಲ್ಲಿ ಕೊನೆಯ ಚೌಕದಲ್ಲೂ ದಾರವಿದೆ, ಗಂಟೂ ಇದೆ. ಅಕ್ಷರ ನೋಡಿದರೆ ಆ ವಾರಗಳಲ್ಲಿ ಮಾತ್ರ ಬೇರೆ ಯಾರದೋ ಕೈ. ಅಂದರೆ ಅಕ್ಷರ ಬರೆಯುವ ಅಲೆಕ್ ಆಗ ಚಿತ್ರ ಬಿಡಿಸಲು ಕೂತಿದ್ದ. ಓದುವ ಮಕ್ಕಳಿಗೆ ವ್ಯತ್ಯಾಸ ಗೊತ್ತಾಗಬಾರದು, ಅದೇ ಬದಲಿ ಚಿತ್ರಕಾರನಿಗೆ ಕೊಟ್ಟ ಕೆಲಸ. ಅಲೆಕ್‌ಗೆ ರೀಡ್‌ನ ಎಲ್ಲವೂ ಬಂದಿತ್ತು, ಸೋಮಾರಿತನವೊಂದು ಬಿಟ್ಟು.

ಹ್ಯೂಗೆ ನಾಚಿಕೆಯಾಯಿತು. ಮಾರಾಟ ನಡೆಸುವವರಿಂದ ವಿಳಾಸ ಕೇಳಿಕೊಂಡು ಮೋರಾಗ್‌ಳ ಮನೆಗೆ ಹೋಗಿ, ಪುಟಗಳನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ದಾರ ತೋರಿಸಿದ.

"ನಿಮ್ಮಪ್ಪ ಹೇಳಿದ್ದು ನಿಜ. ನಾನು ಹೊಗಳಿದ್ದೂ ಅವರನ್ನೇ, ಹೆಸರು ಮಾತ್ರ ರೀಡ್‌ದು ಹಾಕ್ದೆ. ಮುಂದಿನ ಸಂಚಿಕೇಲಿ ತಪ್ಪಾಯ್ತು ಅಂತ ಬರೀತೀನಿ."

ಮೋರಾಗ್ ಬೂಟಿನ ದಾರದ ಮೇಲೆ ಬೆರಳಾಡಿಸಿದಳು.

"ಕ್ರಿಸ್‌ಮಸ್ ಊಟಕ್ಕೆ ಕೂತಾಗೆಲ್ಲ ಅಪ್ಪ ಈ ಮಾತು ತೆಗೀತಿದ್ರು," ಅಂದಳು. "ಒಂದ್ಸಲ ನಾನು, ‘ಸಾಕು ಸುಮ್ನಿರಪ್ಪ, ನನ್ ಮಕ್ಕಳ ಮುಂದೆ ಸುಳ್ಳು ಹೇಳ್ಬೇಡ’ ಅಂದ್ಬಿಟ್ಟೆ. ಅವರು ಮತ್ತೆ ಆ ಮಾತು ತೆಗೀಲೇ ಇಲ್ಲ."

ಪುಟವನ್ನು ಅವನ ಕಡೆ ಸರಿಸಿದಳು.

"ನಿಮ್ ತಪ್ಪಿನ ಕೆಳಗೆ ಜಾಗ ಇದ್ರೆ, ನನ್ನದನ್ನೂ ಹಾಕಿ."